ವೈದ್ಯರ ಸಲಹೆಗೆ ಬೆಲೆ ಕಟ್ಟಿದ ಐದಂಕಿ

ವೈದ್ಯರು ಮಾಡಿದ ಶಸ್ತ್ರಚಿಕಿತ್ಸೆ ಕಣ್ಣಿಗೆ ಕಾಣುತ್ತದೆ. ರೋಗಿಯ ಮಾತು ಕೇಳಿ, ನಾಡಿ ಹಿಡಿದು, ಯೋಚಿಸಿ ಕೊಟ್ಟ ಸಲಹೆ ಕಾಣುವುದಿಲ್ಲ. ಕಾಣದ ಈ ಕೆಲಸಕ್ಕೆ ದರ ಗೊತ್ತುಪಡಿಸುವುದು ಹೇಗೆ? ಅಮೆರಿಕ ಇದಕ್ಕೆ ಉತ್ತರ ಹುಡುಕಿದ್ದು ಅಂಕಿಗಳಲ್ಲಿ.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ ಅಲ್ಲಿ ವೃದ್ಧರಿಗಾಗಿ 'ಮೆಡಿಕೇರ್' ಎಂಬ ಸರ್ಕಾರಿ ವಿಮೆ ಹುಟ್ಟಿತು. ಮರುವರ್ಷ ಅಮೆರಿಕದ ವೈದ್ಯಕೀಯ ಸಂಘವು ವೈದ್ಯರ ಒಂದೊಂದು ಕೆಲಸಕ್ಕೂ ಒಂದು ಸಂಕೇತ ಸಂಖ್ಯೆ ಕೊಟ್ಟು 'ಸಿಪಿಟಿ' ಎಂಬ ಕೈಪಿಡಿಯನ್ನು ಹೊರತಂದಿತು. ಮೊದಲ ಆವೃತ್ತಿಯಲ್ಲಿ ಶಸ್ತ್ರಚಿಕಿತ್ಸೆಗಳದೇ ಮೇಲುಗೈ. ಆಗ ನಾಲ್ಕಂಕಿಯದಾಗಿದ್ದ ಸಂಕೇತ 1970ರಲ್ಲಿ ಐದಂಕಿಯದಾಯಿತು. 1983ರಲ್ಲಿ ಮೆಡಿಕೇರ್ ಕೂಡ ಅದನ್ನು ಅಳವಡಿಸಿಕೊಂಡಿತು.

ಸಂಕೇತವೇನೋ ಸಿಕ್ಕಿತು. ಆದರೆ ದರವು ವೈದ್ಯರು ವಾಡಿಕೆಯಂತೆ ಕೇಳುತ್ತಿದ್ದ ಶುಲ್ಕವನ್ನೇ ಅವಲಂಬಿಸಿತ್ತು. ಕತ್ತರಿ ಹಿಡಿದವರಿಗೆ ಹೆಚ್ಚು, ಕೂತು ಯೋಚಿಸುವವರಿಗೆ ಕಡಿಮೆ ಎಂಬ ದೂರು ಬೆಳೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಲಿಯಂ ಶಿಯಾವ್ ಅವರ ತಂಡ ಸಮಯ, ಬುದ್ಧಿಶ್ರಮ, ಕೌಶಲ ಮತ್ತು ಒತ್ತಡಗಳನ್ನು ಅಳೆದು 1988ರಲ್ಲಿ ಹೊಸ ಮಾನದಂಡವನ್ನು ಮುಂದಿಟ್ಟಿತು. ಅದರ ಆಧಾರದ ಮೇಲೆ ರೂಪಿಸಿದ ದರಪಟ್ಟಿ 1992ರ ಜನವರಿ 1ರಂದು ಜಾರಿಗೆ ಬಂದಿತು.

ಅದೇ ವರ್ಷ ವೈದ್ಯರ ಭೇಟಿಗಳಿಗೂ ಹೊಸ ಸಂಕೇತಗಳು ಬಂದವು. ಹೊರರೋಗಿಯ ಬಗ್ಗೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆದರೆ 99241ರಿಂದ 99245. ಇದಕ್ಕೆ ಮೂರು ಷರತ್ತು: ಮೊದಲ ವೈದ್ಯರ ಕೋರಿಕೆ ಇರಬೇಕು, ಎರಡನೆಯವರು ರೋಗಿಯನ್ನು ಪರೀಕ್ಷಿಸಬೇಕು, ಅಭಿಪ್ರಾಯವನ್ನು ಲಿಖಿತವಾಗಿ ಮರಳಿಸಬೇಕು. ಸಾಮಾನ್ಯ ಭೇಟಿಗಿಂತ ಇದಕ್ಕೆ ಹಣ ಹೆಚ್ಚು.

ತೊಡಕು ಹುಟ್ಟಿದ್ದು ಇಲ್ಲಿಯೇ. ರೋಗಿಯನ್ನು ಬೇರೆ ವೈದ್ಯರಿಗೆ ಒಪ್ಪಿಸಿಬಿಡುವುದು ಬೇರೆ, ಅವರ ಅಭಿಪ್ರಾಯ ಕೇಳುವುದು ಬೇರೆ. ಬಿಲ್ಲಿನಲ್ಲಿ ಮಾತ್ರ ಎರಡೂ ಒಂದಾಗತೊಡಗಿದವು. 2001ರಲ್ಲಿ ಮೆಡಿಕೇರ್ ಹಣ ಕೊಟ್ಟ ಇಂಥ ಸಲಹೆಗಳಲ್ಲಿ ಸುಮಾರು ಶೇ 75ರಷ್ಟು ನಿಯಮಕ್ಕೆ ಹೊಂದುವುದಿಲ್ಲ, ಹೀಗೆ ತಪ್ಪಾಗಿ ಸಂದಾಯವಾದ ಮೊತ್ತ ಸುಮಾರು 110 ಕೋಟಿ ಡಾಲರ್ ಎಂದು ಸರ್ಕಾರಿ ತನಿಖಾ ವರದಿಯೊಂದು 2006ರಲ್ಲಿ ಹೇಳಿತು. 2010ರ ಜನವರಿ 1ರಿಂದ ಮೆಡಿಕೇರ್ ಈ ಸಂಕೇತಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿ, ಸಾಮಾನ್ಯ ಭೇಟಿಯ ದರವನ್ನು ತುಸು ಏರಿಸಿತು.

ಇನ್ನೊಂದು ಪರಿಣಾಮ ಆಳವಾದದ್ದು. 1995 ಮತ್ತು 1997ರ ಮಾರ್ಗಸೂಚಿಗಳು ಎಷ್ಟು ಪ್ರಶ್ನೆ ಕೇಳಲಾಯಿತು, ಎಷ್ಟು ಅಂಗಗಳನ್ನು ಪರೀಕ್ಷಿಸಲಾಯಿತು ಎಂದು ಎಣಿಸಿ ದರದ ಮಟ್ಟವನ್ನು ನಿರ್ಧರಿಸುತ್ತಿದ್ದವು. ಹೀಗಾಗಿ ಮುಂದಿನ ವೈದ್ಯರಿಗೆಂದು ಬರೆಯಬೇಕಾದ ಟಿಪ್ಪಣಿ ಬಿಲ್ಲಿಗಾಗಿ ಉದ್ದವಾಯಿತು. ಆ ಟಿಪ್ಪಣಿಗಳನ್ನು ಓದಿ ಸಂಕೇತ ಹಚ್ಚುವುದೇ ಒಂದು ವೃತ್ತಿಯಾಗಿ, ಬೆಂಗಳೂರಿನ ಕಚೇರಿಗಳವರೆಗೂ ಬಂದಿತು.

2021ರಲ್ಲಿ ಹೊರರೋಗಿ ಭೇಟಿಗಳ ಮಟ್ಟಿಗೆ ಆ ಎಣಿಕೆಯನ್ನು ಕೈಬಿಡಲಾಯಿತು. ಈಗ ಲೆಕ್ಕಕ್ಕೆ ಬರುವುದು ವೈದ್ಯರು ವ್ಯಯಿಸಿದ ಸಮಯ, ಇಲ್ಲವೇ ಅವರು ಕೈಗೊಂಡ ನಿರ್ಧಾರದ ಜಟಿಲತೆ. 2023ರಿಂದ 99241 ಕೈಪಿಡಿಯಿಂದಲೇ ಮರೆಯಾಗಿದೆ. ಯೋಚನೆಗೂ ಬೆಲೆ ಇರಬೇಕೆಂಬ ಆಶಯ ನ್ಯಾಯವಾದದ್ದೇ. ಅದನ್ನು ಪುಟಗಳ ಲೆಕ್ಕದಲ್ಲಿ ಅಳೆಯಹೊರಟಾಗ ಹೆಚ್ಚಿದ್ದು ಬರಹವೇ ಹೊರತು ಯೋಚನೆಯಲ್ಲ.