ಬೂಷ್ಟಿನಿಂದ ಮನುಷ್ಯನವರೆಗೆ: ಸತು ಸಂಶೋಧನೆಯ ಹಾದಿ

ಜೀವಕ್ಕೆ ಸತು ಬೇಕೇ ಬೇಕು ಎಂದು ಮೊದಲು ತಿಳಿದದ್ದು ಬೂಷ್ಟಿನಿಂದ. ಲೂಯಿ ಪಾಶ್ಚರ್ ಅವರ ಶಿಷ್ಯ ಜೂಲ್ ರೋಲಾಂ 1869ರಲ್ಲಿ, ಸತುವಿಲ್ಲದೆ ಕಪ್ಪು ಬೂಷ್ಟು ಸರಿಯಾಗಿ ಬೆಳೆಯದೆಂದು ತೋರಿಸಿದರು. ಗಿಡಗಳಲ್ಲಿ ಇದು ಖಚಿತವಾಗಲು 1926 ಬರಬೇಕಾಯಿತು, ಇಲಿಗಳಲ್ಲಿ 1934. ಅಮೆರಿಕದ ಹಂದಿಗಳ ಚರ್ಮ ಒರಟಾಗಿ ಹಕ್ಕಳೆಗಟ್ಟುತ್ತಿದ್ದ ರೋಗವೂ ಸತುವಿನಿಂದಲೇ ವಾಸಿಯಾಗುತ್ತದೆಂದು 1955ರಲ್ಲಿ ಗೊತ್ತಾಯಿತು.

ಆದರೂ ಮನುಷ್ಯರಿಗೆ ಈ ಕೊರತೆ ಬರಲಾರದು ಎಂದೇ ವೈದ್ಯರು ನಂಬಿದ್ದರು. ಎಲ್ಲ ಆಹಾರದಲ್ಲೂ ಸತು ಇದೆಯಲ್ಲ ಎಂಬುದು ವಾದ.

ಆ ನಂಬಿಕೆಯನ್ನು ಮುರಿದವರು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಅವರ ಮುಂದೆ ಒಬ್ಬ ರೋಗಿ ಬಂದ. ವಯಸ್ಸು 21, ನೋಡಿದರೆ ಹತ್ತು ವರ್ಷದ ಹುಡುಗ. ಪ್ರಾಯಕ್ಕೆ ಬಂದ ಲಕ್ಷಣವೇ ಇಲ್ಲ, ಜೊತೆಗೆ ವಿಪರೀತ ರಕ್ತಹೀನತೆ. ಅವನು ಉಣ್ಣುತ್ತಿದ್ದದ್ದು ಮುಖ್ಯವಾಗಿ ಹುದುಗು ಬರಿಸದ ಗೋಧಿ ರೊಟ್ಟಿ; ಅದರ ಜೊತೆ ದಿನವೂ ಜೇಡಿಮಣ್ಣು ತಿನ್ನುತ್ತಿದ್ದ. ರಕ್ತಹೀನತೆಗೆ ಕಬ್ಬಿಣದ ಕೊರತೆ ಕಾರಣ, ಸರಿ. ಬೆಳವಣಿಗೆ ನಿಂತದ್ದೇಕೆ? ಕಬ್ಬಿಣ ಕಡಿಮೆಯಾದ ಪ್ರಾಣಿಗಳಲ್ಲಿ ಹಾಗಾಗುವುದಿಲ್ಲ, ಸತು ಕಡಿಮೆಯಾದರೆ ಆಗುತ್ತದೆ. ಪ್ರಾಣಿಗಳ ಮೇಲಿನ ಈ ಅಧ್ಯಯನಗಳನ್ನು ಅವರು ಓದಿಕೊಂಡಿದ್ದದ್ದೇ ಇಲ್ಲಿ ನಿರ್ಣಾಯಕವಾಯಿತು. ಮುಂದೆ ಈಜಿಪ್ಟ್‌ನಲ್ಲಿ ಇಂಥ ಯುವಕರ ರಕ್ತದಲ್ಲಿ ಸತು ಕಡಿಮೆಯಿರುವುದನ್ನು ಅವರು ಕಂಡರು. ಸತು ಕೊಟ್ಟಾಗ ಕೆಲವರು ಒಂದೇ ವರ್ಷದಲ್ಲಿ 12 ಸೆಂ.ಮೀ.ಗೂ ಹೆಚ್ಚು ಎತ್ತರವಾದರು.

ರೊಟ್ಟಿ ಉಂಡರೂ ಸತು ಸಾಲದಾದದ್ದೇಕೆ? ಧಾನ್ಯದಲ್ಲಿ ಸತು ಇದ್ದರೂ ಅದರಲ್ಲಿನ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟುಕೊಂಡು ಕರುಳಿಗೆ ದಕ್ಕಗೊಡುವುದಿಲ್ಲ. ಮೊಳಕೆ ಕಟ್ಟಿದರೆ, ಹಿಟ್ಟು ಹುದುಗಿದರೆ ಫೈಟೇಟ್ ತಗ್ಗುತ್ತದೆ. ನಮ್ಮ ಮೊಳಕೆ ರಾಗಿ, ಇಡ್ಲಿ, ದೋಸೆಗಳಿಗೆ ಈ ಬಲವಿದೆ.

ನಮ್ಮ ದೇಶದ ಗದ್ದೆಗಳಲ್ಲಿ ಇದೇ ಕೊರತೆಯನ್ನು ಪತ್ತೆ ಮಾಡಿದವರು ಪಂತನಗರದ ವಿಜ್ಞಾನಿ ವೈ. ಎಲ್. ನೆನೆ. ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದ ಭತ್ತದ ಎಲೆಗಳಲ್ಲಿ ತುಕ್ಕು ಬಣ್ಣದ ಚುಕ್ಕೆ ಮೂಡಿ ಪೈರು ಕುಗ್ಗುತ್ತಿತ್ತು. ರೈತರು ಅದನ್ನು ಖೈರಾ ಎನ್ನುತ್ತಿದ್ದರು. ಅದು ರೋಗಾಣುವಿನ ಕೆಲಸವಲ್ಲ, ಮಣ್ಣಿನಲ್ಲಿ ಸತು ಸಾಲದಿರುವುದು ಎಂದು ನೆನೆ 1966ರಲ್ಲಿ ವರದಿ ಮಾಡಿದರು. ಜಿಂಕ್ ಸಲ್ಫೇಟಿಗೆ ಸುಣ್ಣ ಬೆರೆಸಿ ಸಿಂಪಡಿಸಿದರೆ ಪೈರು ಚೇತರಿಸಿಕೊಳ್ಳುತ್ತದೆ. ಇಂದು ನಮ್ಮ ಭತ್ತದ ರೈತರಿಗೂ ಜಿಂಕ್ ಸಲ್ಫೇಟ್ ಪರಿಚಿತ ಗೊಬ್ಬರ.

ಸತು ಇಷ್ಟೆಲ್ಲ ಕಡೆ ಏಕೆ ಬೇಕು ಎಂಬುದಕ್ಕೆ ಒಂದು ದೊಡ್ಡ ಉತ್ತರ 1985ರಲ್ಲಿ ದೊರೆಯಿತು. ಜೀನುಗಳನ್ನು ಚಾಲೂ ಮಾಡುವ ಒಂದು ಪ್ರೋಟೀನಿನ ಆಕಾರ ನಿಲ್ಲುವುದೇ ಸತುವಿನಿಂದ ಎಂದು ವಿಜ್ಞಾನಿ ಆರನ್ ಕ್ಲೂಗ್ ಅವರ ತಂಡ ಹೇಳಿತು. ಆಮೇಲೆ ಅಂಥ ಪ್ರೋಟೀನುಗಳು ನೂರಾರು ಸಿಕ್ಕವು.

ಸತು ಚಿಕಿತ್ಸೆಗೂ ಒದಗಿತು. 1995ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದು ಸತು ಕೊಟ್ಟ ಮಕ್ಕಳಲ್ಲಿ ಭೇದಿ ಬೇಗ ನಿಲ್ಲುವುದನ್ನು ತೋರಿಸಿತು. ಇಂಥ ಅಧ್ಯಯನಗಳ ಆಧಾರದ ಮೇಲೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಓಆರ್‌ಎಸ್ ಜೊತೆ ಸತುವನ್ನೂ ಕೊಡಲು ಹೇಳಿದವು. ಬೆಳೆಯ ಕಡೆಯಿಂದಲೂ ಪ್ರಯತ್ನ ನಡೆದಿದೆ: 2016ರಲ್ಲಿ ಹೆಚ್ಚು ಸತುವಿರುವ ಡಿಆರ್‌ಆರ್ ಧಾನ್ 45 ಭತ್ತದ ತಳಿ ಹೈದರಾಬಾದಿನಿಂದ ಬಂತು. ತಳಿ ಒಳ್ಳೆಯದೇ. ಆದರೆ ಸತುವಿಲ್ಲದ ಮಣ್ಣಿನಲ್ಲಿ ಅದೊಂದೇ ಏನು ಮಾಡೀತು? ಮಣ್ಣು ಪರೀಕ್ಷೆಯ ವರದಿಯನ್ನೂ ಅಂಗನವಾಡಿಯ ತೂಕದ ಪುಸ್ತಕವನ್ನೂ ಜೊತೆಗಿಟ್ಟು ಓದುವ ಕೆಲಸ ಇನ್ನಾದರೂ ಆಗಬೇಕು.

ಮನೆಯಲ್ಲಿ ಮಗುವಿಗೆ ಭೇದಿಯಾಗಿ ವೈದ್ಯರು ಸತುವಿನ ಮಾತ್ರೆ ಬರೆದುಕೊಟ್ಟರೆ, ಎರಡು ದಿನಕ್ಕೆ ಭೇದಿ ನಿಂತಿತೆಂದು ಬಿಡಬೇಡಿ. ಅವರು ಹೇಳಿದ 10ರಿಂದ 14 ದಿನವನ್ನು ಪೂರೈಸಿ.