ಜೋಳ, ತೊಗರಿ ಮತ್ತು ಸಂಶೋಧನೆ: ದಖ್ಖನಿನ ಆಹಾರಕ್ರಮದ ಮೇಲಿನ ಪರಿಣಾಮವನ್ನು ಅಳೆಯುವ ಬಗೆ

ಹೈದರಾಬಾದಿನ ಕೊಂಡಾಪುರದಿಂದ ಹೆಚ್ಚು ದೂರವಿಲ್ಲದಂತೆ ಎರಡು ದೊಡ್ಡ ಬೆಳೆ ಸಂಶೋಧನಾಲಯಗಳಿವೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸ್ಥಾಪನೆಯಾದುದು 1972ರಲ್ಲಿ. ರಾಜೇಂದ್ರನಗರದಲ್ಲಿ 1987ರಲ್ಲಿ ಆರಂಭವಾದ ರಾಷ್ಟ್ರೀಯ ಜೋಳ ಸಂಶೋಧನ ಕೇಂದ್ರವು ಇಂದು ಭಾರತೀಯ ಸಿರಿಧಾನ್ಯ ಸಂಶೋಧನ ಸಂಸ್ಥೆಯಾಗಿದೆ. ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳು 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರನ್ನು ಸೇರಿದವು. ಆಡಳಿತದ ಗಡಿ ಸರಿಯಿತು. ಜೋಳದ ರೊಟ್ಟಿ, ತೊಗರಿಬೇಳೆಗಳ ಊಟ ಗಡಿಯ ಎರಡೂ ಬದಿಗೆ ಉಳಿಯಿತು. ಆ ಊಟಕ್ಕೆ ಈ ಸಂಶೋಧನೆಗಳಿಂದ ಆದುದೇನು, ಅದನ್ನು ಯಾವ ಅಳತೆಯಿಂದ ಅಳೆಯಬೇಕು ಎಂಬುದು ಪ್ರಸ್ತುತ ಲೇಖನದ ವಿಚಾರ.

ಮೊದಲು ತೊಗರಿಯನ್ನು ನೋಡೋಣ. ಕಲಬುರಗಿ ಸೀಮೆಯ ರೈತರು ನೆಟೆ ರೋಗವೆಂದು ಕರೆಯುವ ಪಿಡುಗು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರದಿಂದ ಬರುತ್ತದೆ. ಹೂವು, ಕಾಯಿಯ ಹೊತ್ತಿಗೆ ನಿಂತ ಗಿಡವೇ ಒಣಗುವುದರಿಂದ ಬಿತ್ತಿದ ಶ್ರಮವೆಲ್ಲ ವ್ಯರ್ಥ. ನಾಡತಳಿಯೊಂದರಿಂದ ಆಯ್ದ, ಈ ರೋಗವನ್ನು ತಡೆಯಬಲ್ಲ ಐ.ಸಿ.ಪಿ. 8863 ತಳಿಯು 1986ರಲ್ಲಿ ಕರ್ನಾಟಕದಲ್ಲಿ 'ಮಾರುತಿ' ಎಂಬ ಹೆಸರಿನಿಂದ ಬಿಡುಗಡೆಯಾಯಿತು. ಇಕ್ರಿಸ್ಯಾಟಿನ ಅರ್ಥಶಾಸ್ತ್ರಜ್ಞರಾದ ಬಂಟಿಲಾನ್ ಮತ್ತು ಜೋಶಿಯವರು ಇದರ ಪ್ರಸಾರವನ್ನೂ ಪ್ರತಿಫಲವನ್ನೂ ಕುರಿತು 1996ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಕರ್ನಾಟಕಕ್ಕೆಂದು ಬಿಡುಗಡೆಯಾದ ಬೀಜವು ನೆರೆರಾಜ್ಯಗಳ ಹೊಲಗಳಿಗೂ ಹಬ್ಬಿತ್ತೆಂಬುದು ನಮಗೆ ಅತ್ಯಂತ ಗಮನಾರ್ಹ. ಭಾಷಾವಾರು ಗಡಿಯನ್ನು ಬೀಜವು ಮಾನ್ಯಮಾಡಲಿಲ್ಲ. ಆದರೆ ಈ ತಳಿಯು ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಒಂದು ರೋಗದ ಲೆಕ್ಕದಲ್ಲಿ ಗೆದ್ದುದು ಇನ್ನೊಂದರ ಲೆಕ್ಕದಲ್ಲಿ ಸೋಲಬಹುದೆಂಬುದಕ್ಕೆ ಇದೇ ಸಾಕ್ಷಿ. ಆದರೂ ತೊಗರಿಯು ಈ ಸೀಮೆಯ ಹೆಸರಿನೊಂದಿಗೆ ಉಳಿದುಬಂದಿದೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಜೋಳದ ಕಥೆ ಇಷ್ಟು ಸರಳವಲ್ಲ. ಭಾರತದ ಮೊದಲ ಮಿಶ್ರತಳಿ ಜೋಳ ಸಿ.ಎಸ್.ಎಚ್. 1 ಬಿಡುಗಡೆಯಾದುದು 1964ರಲ್ಲಿ. 'ಹೈಬ್ರಿಡ್ ಜೋಳ' ಎಂಬ ಮಾತು ಹಳ್ಳಿಗಳಲ್ಲಿ ನೆಲೆಯೂರಿತು. ಮುಂಗಾರಿನ ಇಳುವರಿಯೂ ಏರಿತು. ಆದರೆ ಬೇಗ ಮಾಗುವ ತೆನೆ ಮಳೆಗೆ ಸಿಕ್ಕರೆ ಕಾಳು ಬೂಷ್ಟು ಹಿಡಿದು ಕಪ್ಪಾಗುತ್ತದೆ. ಗಿಡ ಗಿಡ್ಡವಾದುದರಿಂದ ದನಗಳಿಗೆ ದೊರೆಯುವ ಕಣಿಕೆಯೂ ಕಡಿಮೆ. ಇದಕ್ಕೆ ವಿರುದ್ಧವಾಗಿ, ಸೊಲ್ಲಾಪುರ ಜಿಲ್ಲೆಯ ಮೊಹೊಳದಲ್ಲಿ 1930ರ ದಶಕದಲ್ಲಿ ನಾಡಜೋಳದಿಂದ ಆಯ್ದ ಮಾಲದಂಡಿ, ಅಂದರೆ ಎಂ. 35-1, ಹಿಂಗಾರಿನ ಎರೆಹೊಲದಲ್ಲಿ ಇಂದಿಗೂ ನಿಂತಿದೆ. ದುಂಡನೆಯ ಹೊಳಪುಗಾಳು, ತಟ್ಟಿದರೆ ಬಿರಿಯದ ರೊಟ್ಟಿ, ಹುಲುಸಾದ ಕಣಿಕೆ ಇವೇ ಅದರ ಬಲ. ಇಳುವರಿಯೊಂದನ್ನೇ ಅಳೆಯುವ ಕೋಷ್ಟಕದಲ್ಲಿ ಈ ಬಲಕ್ಕೆ ಸ್ಥಾನವಿಲ್ಲ.

1970ರ ಸುಮಾರಿಗೆ ದೇಶದಲ್ಲಿ ಸುಮಾರು 170 ಲಕ್ಷ ಹೆಕ್ಟೇರಿನಲ್ಲಿದ್ದ ಜೋಳವು ಈಗ ಸುಮಾರು 40 ಲಕ್ಷಕ್ಕೆ ಇಳಿದಿದೆ. ಹೆಕ್ಟೇರಿನ ಇಳುವರಿ ಹೆಚ್ಚಿಯೂ ಬೆಳೆ ಹಿಂದೆ ಸರಿದುದಕ್ಕೆ ಸಂಶೋಧನೆಯನ್ನಷ್ಟೇ ಹೊಣೆಯಾಗಿಸುವುದು ನ್ಯಾಯವಲ್ಲ. ಆಂಧ್ರಪ್ರದೇಶದಲ್ಲಿ 1983ರ ಎರಡು ರೂಪಾಯಿ ಕಿಲೋ ಅಕ್ಕಿ, ಕರ್ನಾಟಕದಲ್ಲಿ 2013ರ ಅನ್ನಭಾಗ್ಯ ಬಡವರ ಹಸಿವನ್ನು ನಿಜವಾಗಿ ತಗ್ಗಿಸಿದವು; ಅದರೊಂದಿಗೆ ರೊಟ್ಟಿಯ ಜಾಗಕ್ಕೆ ಅನ್ನವನ್ನೂ ತಂದವು. ಬೀಜದ ಪರಿಣಾಮವನ್ನು ಪಡಿತರದ ಪರಿಣಾಮದಿಂದ ಬೇರ್ಪಡಿಸದ ಮೌಲ್ಯಮಾಪನವು ಹೊಗಳಿಕೆಯಲ್ಲಾಗಲಿ ತೆಗಳಿಕೆಯಲ್ಲಾಗಲಿ ದಾರಿ ತಪ್ಪುತ್ತದೆ.

ಧಾನ್ಯವನ್ನು ಯಾವ ಗುಣದಿಂದ ಅಳೆಯಬೇಕೆಂಬ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಹದಿನಾರನೆಯ ಶತಮಾನದ ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ವ್ರೀಹಿಗೂ ನರೆದಲೆಗಕ್ಕೂ ವಾದ ಬೀಳುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅಕ್ಕಿ ಕಂದುತ್ತದೆ, ರಾಗಿ ಕೆಡದೆ ಉಳಿಯುತ್ತದೆ. ಕಾವ್ಯದ ಸಾಮಾಜಿಕ ಅರ್ಥವನ್ನು ವಿಮರ್ಶಕರು ವಿಸ್ತರಿಸಿದ್ದಾರೆ. ನಮ್ಮ ಪ್ರಯೋಜನಕ್ಕೆ ಬೇಕಾದುದು ಇಷ್ಟೇ: ಅಲ್ಲಿ ತೀರ್ಪು ಮಾನ್ಯತೆಯನ್ನಾಗಲಿ ರುಚಿಯನ್ನಾಗಲಿ ಅವಲಂಬಿಸಿಲ್ಲ, ಕಷ್ಟಕಾಲದಲ್ಲಿ ಉಳಿಯುವ ಶಕ್ತಿಯನ್ನು ಅವಲಂಬಿಸಿದೆ. ಮಳೆ ನಂಬಲಾಗದ ಎರೆನಾಡಿನ ಒಕ್ಕಲಿಗನು ಬೀಜವನ್ನು ಆರಿಸುವುದೂ ಇಂಥ ತೀರ್ಪಿನಿಂದಲೇ.

ಆದುದರಿಂದ ಇಳುವರಿಯ ಜೊತೆಗೆ ರೊಟ್ಟಿಯ ಗುಣ, ಮೇವು, ದಾಸ್ತಾನಿನ ಬಾಳಿಕೆ, ಬೀಜ ಸಾಗಿದ ಹಾದಿ ಎಂಬ ನಾಲ್ಕು ಅಳತೆಗಳನ್ನು ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಇವಕ್ಕೆ ಬೇಕಾದ ಆಧಾರ ಬಹುಪಾಲು ಜನರ ನುಡಿಯಲ್ಲಿದೆ. ಜೋಳದ ತಳಿಗಳ ಹೆಸರು, ಹಿಟ್ಟಿನ ಹದ, ಕಣಿಕೆಯ ಬಗೆಗಳನ್ನು ಹೇಳುವ ಪದಗಳಲ್ಲಿದೆ. ಜಹೀರಾಬಾದ್, ನಾರಾಯಣಖೇಡ, ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರಲ್ಲಿ ಈ ಪದಗಳನ್ನು ಸಂಗ್ರಹಿಸಲು ಹೊರನಾಡಿನ ಸಂಶೋಧಕರಿಗೆ ಹೆಚ್ಚಿನ ಅನುಕೂಲವಿದೆ. 1964ಕ್ಕೆ ಹಿಂದಿನ ಹೊಲವನ್ನು ಬುದ್ಧಿ ತಿಳಿದು ಕಂಡವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಅವರ ನೆನಪನ್ನು ದಾಖಲಿಸುವ ಕೆಲಸ ತಡವಾದರೆ, ಮುಂದಿನ ಮೌಲ್ಯಮಾಪನಕ್ಕೆ ಹೋಲಿಸಿ ನೋಡಲು ಹಿಂದಿನ ಸ್ಥಿತಿಯ ಆಧಾರವೇ ಉಳಿಯುವುದಿಲ್ಲ.