ಕಲ್ಯಾಣದ ಅರಸನ ತಾಟು, ನಮ್ಮ ಬಜೆಟ್ಟಿನ ರೆಡ್ ವೈನ್ | ನಮ್ಮ ಕಡಿ ಇತಿಹಾಸ, ಭಾಗ 7

ದೋಸ್ತರೇ, ಒಂದು ಮಾತು ಗಮನಿಸೀರೇನು? ನಮ್ಮ ಮನ್ನಾಏಖೇಳ್ಳಿ, ಹುಮನಾಬಾದ್ ಕಡೆ ಯಾವ ಮದ್ಯದ ಅಂಗಡಿ ಇರಲಿ, ಜನ ಕರೆಯೋದು "ವೈನ್ ಶಾಪ್" ಅಂತನೇ. ಆದ್ರ ಹೋದವರು ಕೇಳೋದು ವಿಸ್ಕಿ, ರಮ್, ಬಿಯರ್. ಖರೇ ವೈನ್ ಮೂಲ್ಯಾಗ ಧೂಳ ತಿಂತಾ ಕುಂತಿರ್ತದ.

ಹೈದರಾಬಾದ್, ಪುಣೆಗೆ ಕೆಲಸಕ್ಕೆ ಹೋದ ಸೀನಿಯರ್‌ಗಳು ಈಗ ಬ್ಯಾರೆ ಪ್ರಶ್ನೆ ಕೇಳ್ತಾರ: ಹೋಟೆಲ್‌ನಾಗ ಸ್ಟೇಕ್ ತಗೊಂಡ್ರ ಜೊತಿಗೆ ಕಮ್ಮಿ ರೊಕ್ಕದ ಯಾವ ರೆಡ್ ವೈನ್ ಛಲೋ? ಇದು ಫಾರಿನ್ ಪ್ರಶ್ನೆ ಅಂತ ಅನಿಸ್ತದ. ಆದ್ರ ಇದರ ಹಳೇ ಕಥಿ ನಮ್ಮ ಬಸವಕಲ್ಯಾಣದಾಗೇ ಅದ.

1️⃣ ಅರಸನ ತಾಟು
ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ, 12ನೇ ಶತಮಾನದ ಮೊದಲ ಭಾಗದಲ್ಲಿ "ಮಾನಸೋಲ್ಲಾಸ" ಎಂಬ ಸಂಸ್ಕೃತ ಗ್ರಂಥ ಬರೆಸಿದ. 100 ಅಧ್ಯಾಯ. ರಾಜ್ಯಭಾರ, ಆನೆ, ಸಂಗೀತದ ಜೊತೆಗೆ ಅಡುಗೆಯೂ ಅದರಲ್ಲಿದೆ. ಮಾಂಸದ ತುಂಡಿಗೆ ಮಸಾಲೆ ಹಚ್ಚಿ, ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ವಿಧಾನ ಬರುತ್ತದೆ. ದ್ರಾಕ್ಷಿ, ಕಬ್ಬು, ತಾಳೆ, ಖರ್ಜೂರದ ಮದ್ಯಗಳ ಹೆಸರೂ ಬರುತ್ತವೆ. ಸುಟ್ಟ ಮಾಂಸ, ದ್ರಾಕ್ಷಿ ಮದ್ಯ ಎರಡೂ ಒಂದೇ ಪುಸ್ತಕದಾಗ! ಆದ್ರ ಅದು ಅರಸನ ಭೋಗದ ಪಟ್ಟಿ. ರೈತನ ತಾಟಿನಾಗ ಏನಿತ್ತು ಅಂತ ಅದು ಹೇಳಲ್ಲ.

2️⃣ ಅದೇ ಕಲ್ಯಾಣ, ಇನ್ನೊಬ್ಬ ಮನುಷ್ಯ
ಕೆಲವೇ ದಶಕ ಕಳೆದವು. ಬಿಜ್ಜಳನ ಕಾಲ, ಬಸವಣ್ಣನವರ ಕಾಲ. ಆಗಿನ ಶರಣರೊಳಗ ಒಬ್ಬರು ಹೆಂಡದ ಮಾರಯ್ಯ. ಕಾಯಕ ಹೆಸರಿನಾಗೇ ಅದ: ಹೆಂಡ ಮಾರೋದು. ಅವರೂ ವಚನಕಾರರು. ಅರಮನೆಯ ದ್ರಾಕ್ಷಿ ಮದ್ಯ ಒಂದು ಕಡೆ, ಬೀದಿಯ ಹೆಂಡ ಇನ್ನೊಂದು ಕಡೆ. ಯಾರು ಏನು ಕುಡೀಬೇಕು ಅನ್ನೋದನ್ನ ನಾಲಿಗೆಗಿಂತ ಮೊದಲು ಅಂತಸ್ತು, ರೊಕ್ಕ ತೀರ್ಮಾನ ಮಾಡ್ತಿದ್ದವು.

3️⃣ 2007
ಈ ವರ್ಷ ನೆನಪಿಡ್ರಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯ್ತು. ಅದೇ ವರ್ಷ ಸರ್ಕಾರ ವೈನ್ ನೀತಿ ತಂದು ದ್ರಾಕ್ಷಿ ಬೆಳೆ, ವೈನ್ ತಯಾರಿಕೆಗೆ ಪ್ರೋತ್ಸಾಹ ಕೊಟ್ಟಿತು. ಕೂಲಿಯವನ ಬಾಗಿಲು ಮುಚ್ಚಿತು, ವೈನ್ ಬಾಗಿಲು ತೆರೀತು. ಸಾರಾಯಿ ಎಷ್ಟೋ ಮನಿ ಮುರಿದಿತ್ತು, ಅದು ಖರೆ. ಆದ್ರ ಅದರ ಜಾಗಕ್ಕ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ವೈನ್ ಬಗ್ಗೆ ಮಾತಾಡುವಾಗ ಆ ಪಾದಗಳನ್ನ ಮರೀಬಾರದು.

4️⃣ ರೇಟಿನ ಲೆಕ್ಕ (ಬಿಕಾಂ ಮಂದಿಗೆ!)
ಕುಡಿಯುವ ಮದ್ಯ ಜಿಎಸ್‌ಟಿ ಹೊರಗೆ. ತೆರಿಗೆ ರಾಜ್ಯದ ಕೈಯಾಗ. ವಿದೇಶಿ ವೈನ್ ಮ್ಯಾಲ ಕಸ್ಟಮ್ಸ್ ಸುಂಕ ಬಹಳ ವರ್ಷ 150% ಇತ್ತು. ₹400ರ ಬಾಟಲಿ ಬಂದರಕ್ಕೆ ಬಂದ್ರ ₹600 ಸುಂಕ, ಅಲ್ಲಿಗೇ ₹1,000. ಮುಂದ ರಾಜ್ಯದ ತೆರಿಗೆ, ಅಂಗಡಿಯವನ ಲಾಭ ಬ್ಯಾರೆ. ಅಂದ್ರ ದುಬಾರಿ ವೈನ್‌ನಾಗ ನೀವು ಕೊಡೋ ರೊಕ್ಕದ ದೊಡ್ಡ ಪಾಲು ರುಚಿಗಲ್ಲ, ಸುಂಕಕ್ಕ. ಅದಕ್ಕೇ ಹೊಸಬರಿಗೆ ನಮ್ಮ ದೇಶದ್ದೇ ಲೆಕ್ಕಕ್ಕ ಸರಿ. ಕನ್ವಲ್ ಗ್ರೋವರ್ 1988ರಲ್ಲಿ ನಂದಿ ಬೆಟ್ಟದ ಹತ್ತಿರ ಶುರು ಮಾಡಿದ ತೋಟದಿಂದ ಕರ್ನಾಟಕದ ಈಗಿನ ವೈನ್ ಕಥೆ ಬೆಳೀತು. ಪಕ್ಕದ ನಾಸಿಕ್ ಅಂತೂ ಅದೇ ಅದ.

5️⃣ ಹಂಗಾದ್ರ ಯಾವುದು?
👉 ಚಹಾ ಬಹಳ ಕುದಿಸಿದ್ರ ನಾಲಿಗಿ ಒಗರಾಗ್ತದ, ಹಾಲು ಹಾಕಿದ್ರ ಒಗರು ಇಳೀತದ. ರೆಡ್ ವೈನ್‌ನಾಗೂ ದ್ರಾಕ್ಷಿ ಸಿಪ್ಪೆಯಿಂದ ಬರೋ ಅಂಥದೇ ಒಗರು ಅದ, ಟ್ಯಾನಿನ್ ಅಂತಾರ. ಮಾಂಸದ ಪ್ರೋಟೀನು, ಕೊಬ್ಬು ಹಾಲಿನ ಕೆಲಸ ಮಾಡ್ತಾವ. ಸ್ಟೇಕ್, ರೆಡ್ ವೈನ್ ಜೋಡಿಯ ಗುಟ್ಟು ಇಷ್ಟೇ.
👉 ಉಪ್ಪು, ಕರಿಮೆಣಸು ಹಚ್ಚಿ ಸುಟ್ಟ ಮಾಂಸಕ್ಕೆ ಶಿರಾಜ್, ಇಲ್ಲಾ ಕ್ಯಾಬರ್ನೆ. ಸ್ಟೇಕ್ ಸಿಗದಿದ್ರ ಸುಟ್ಟ ಮಟನ್‌ಗೂ ಇದೇ ಲೆಕ್ಕ.
👉 ನಮ್ಮ ಖಾರದ ಮಟನ್ ಇದ್ರ ಒಗರು ಕಮ್ಮಿ ಇರೋದು ನೋಡ್ರಿ. ಒಗರು, ಆಲ್ಕೋಹಾಲ್ ಎರಡೂ ಖಾರ ಏರಿಸ್ತಾವ.
👉 ಲೇಬಲ್ ಮ್ಯಾಲ ದ್ರಾಕ್ಷಿ ಹೆಸರು ಓದ್ರಿ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ "ಪೋರ್ಟ್" ಅಗ್ಗ ಇರ್ತದ, ಆದ್ರ ಸ್ಟೇಕ್ ಜೊತಿ ಕೂಡಲ್ಲ.
👉 ಮೊದಲ ಸಲ 375 ಎಂಎಲ್ ಬಾಟಲಿ ಸಾಕು. ತಿರುಗಿಸಿ ತೆಗಿಯೋ ಮುಚ್ಚಳ ಇದ್ರ ಕೀಳಲ್ಲ.
👉 "ರೂಂ ಟೆಂಪರೇಚರ್" ಅಂದ್ರ ಬೀದರ್ ಮೇ ತಿಂಗಳಲ್ಲ! ಫ್ರಿಜ್‌ನಾಗ ಸ್ವಲ್ಪ ಹೊತ್ತು ಇಟ್ಟು 16–18 ಡಿಗ್ರಿಗೆ ತನ್ನಿರಿ.

ನಂಗೀಗ 20. ನಮ್ಮ ರಾಜ್ಯದಾಗ 21 ತುಂಬದವರಿಗೆ ಅಂಗಡಿಯವರು ಕೊಡಂಗಿಲ್ಲ. ಹಂಗಾಗಿ ಇದೆಲ್ಲ ಓದಿ ತಿಳಿದದ್ದು. 21 ದಾಟಿದವರಿಗೆ ಮಾತ್ರ ಈ ಪಟ್ಟಿ. ಕುಡೀದಿದ್ರೂ ಏನೂ ಕಳಕೊಳ್ಳಲ್ಲ. ಕುಡಿದು ಗಾಡಿ ಅಂತೂ ಬ್ಯಾಡೇ ಬ್ಯಾಡ.

ಅರಸ ತನ್ನ ತಾಟು ಬರೆಸಿಟ್ಟ, ಅದಕ್ಕೇ 900 ವರ್ಷ ಆದ್ರೂ ನಮಗ ಗೊತ್ತು. ನಮ್ಮ ಓಣಿ ಮಂದಿ ಬರೆಸಿಡಲಿಲ್ಲ. ಇವತ್ತು ರಾತ್ರಿ ಮುತ್ಯಾಗೋ ಆಯಿಗೋ ಕೇಳ್ರಿ: ಸಾರಾಯಿ ಬಂದ್ ಆದ ಮ್ಯಾಲ ನಮ್ಮ ಮನ್ಯಾಗ ಏನು ಬದಲಾಯ್ತು? ಹೇಳಿದ್ದು ನಾಲ್ಕು ಸಾಲು ಬರೆದಿಟ್ಕೊಳ್ರಿ. ಅದೂ ಕಲ್ಯಾಣದ ಇತಿಹಾಸನೇ.

#ನಮ್ಮಕಡಿಇತಿಹಾಸ #ಬಸವಕಲ್ಯಾಣ #ಮನ್ನಾಏಖೇಳ್ಳಿ #ಮಾನಸೋಲ್ಲಾಸ